ಒಳಲಂಗ ಯಾವ ಲಾರಿಯಲ್ಲಿತ್ತು?

ಪ್ರತಿ ವರ್ಷ ಆಗಸ್ಟ್ ಮೂರನೇ ವಾರ ಬಂತೆಂದರೆ ನನ್ನ ಫೋನು ತಾನಾಗಿಯೇ ಒಂದು ಹಳೇ ಫೋಟೋ ತೆಗೆದು ತೋರಿಸುತ್ತದೆ. ಒಂದು ಕ್ಯಾಂಟರ್ ಮುಂದೆ ಎಂಟು ಜನ ನಿಂತಿದ್ದೇವೆ. ಎಲ್ಲರದ್ದೂ ಒಂದೇ ಬಣ್ಣದ ಟೀ ಶರ್ಟು, ಹಿಂದೆ ದೊಡ್ಡ ಬ್ಯಾನರ್. ಎಡಗಡೆಯಿಂದ ಮೂರನೆಯವನು ನಾನು, ಹೆಬ್ಬೆರಳು ಎತ್ತಿ ನಗ್ತಾ ಇದ್ದೀನಿ. ಡಿಲೀಟ್ ಮಾಡೋಣ ಅಂತ ಪ್ರತಿ ವರ್ಷ ಅನ್ನಿಸುತ್ತೆ. ಮಾಡಿಲ್ಲ.

ಅದು 2018. ಕೊಡಗಿನಲ್ಲಿ ಗುಡ್ಡಗಳು ಕುಸಿದಿದ್ದವು. ಜೋಡುಪಾಲ, ಮಕ್ಕಂದೂರು ಅನ್ನೋ ಹೆಸರುಗಳನ್ನು ಬೆಂಗಳೂರಿನ ನಾವೆಲ್ಲ ಟೀವಿಯಲ್ಲಿ ಮೊದಲ ಸಲ ಕೇಳಿದ ವಾರ. ನನಗಾಗ ಕೆಲಸಕ್ಕೆ ಸೇರಿ ಹೆಚ್ಚೇನೂ ಆಗಿರಲಿಲ್ಲ. ಆಫೀಸಿನಲ್ಲಿ ಯಾರೋ ಒಂದು ರಟ್ಟಿನ ಡಬ್ಬ ಇಟ್ಟರು, ಸಂಜೆಯೊಳಗೆ ಅದು ತುಂಬಿ ಪಕ್ಕದಲ್ಲಿ ಗುಡ್ಡೆ ಬಿತ್ತು. ಎರಡು ದಿನದಲ್ಲಿ ಮೀಟಿಂಗ್ ರೂಮೇ ಗೋಡೌನ್ ಆಯಿತು. ಲೆಕ್ಕ ಇಡೋ ಕೆಲಸ ನನ್ನ ಪಾಲಿಗೆ ಬಂತು. ಇಂಜಿನಿಯರ್ ಅಲ್ವಾ, ಬಣ್ಣ ಬಣ್ಣದ ಶೀಟ್ ಮಾಡಿದೆ. ಬಿಸ್ಕತ್ತಿಗೆ ಹಳದಿ, ನೀರಿಗೆ ನೀಲಿ, ಹೊದಿಕೆಗೆ ಹಸಿರು. ಯಾರು ಏನು ಕೊಟ್ಟರು ಅನ್ನೋದಕ್ಕೂ ಒಂದು ಕಾಲಂ. ಯಾರಿಗೆ ಏನು ಬೇಕು ಅನ್ನೋದಕ್ಕೆ ಕಾಲಂ ಇರಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ದಿನ ಆದಮೇಲೆ.

ಹೊರಡೋ ಹಿಂದಿನ ರಾತ್ರಿ ಒಬ್ಬರು ಫೋನ್ ಮಾಡಿದರು. ವಿಜಯನಗರದ ಕಡೆಯ ಇನ್ನೊಂದು ತಂಡ, ಅವರೂ ನಾಳೆ ಹೊರಡ್ತಾರಂತೆ. “ಬ್ರದರ್, ನಿಮ್ಮ ಲಿಸ್ಟ್ ಒಂದು ಸ್ವಲ್ಪ ಕಳಿಸ್ತೀರಾ? ಒಂದೇ ಸಾಮಾನು ಇಬ್ಬರೂ ಹೊತ್ತುಕೊಂಡು ಹೋಗೋದು ಬೇಡ” ಅಂದರು. “ನೋಡ್ತೀನಿ ಸಾರ್, ಕೇಳಿ ಹೇಳ್ತೀನಿ” ಅಂದೆ. ಯಾರನ್ನೂ ಕೇಳಲಿಲ್ಲ, ಕಳಿಸಲೂ ಇಲ್ಲ. ಶೀಟಿನಲ್ಲಿ ನಮ್ಮ ಆಫೀಸಿನವರ ಹೆಸರು, ನಂಬರ್ ಇತ್ತು, ಅದು ಒಂದು ನೆಪ. ನಿಜವಾದ ಕಾರಣ ಬೇರೆ. ನಾವು ಸೇರಿಸಿದ್ದು ಅವರ ಬ್ಯಾನರ್ ಕೆಳಗೆ ಹೋಗಿಬಿಟ್ಟರೆ ಅನ್ನೋ ಸಣ್ಣತನ. ಅದನ್ನು ಇಲ್ಲಿ ಬರೆಯೋಕೂ ಈಗ ನಾಚಿಕೆ ಆಗುತ್ತೆ.

ಕುಶಾಲನಗರ ದಾಟುವಾಗ ನಮ್ಮ ಹಿಂದೆ ಮುಂದೆ ಅಂಥವೇ ಕ್ಯಾಂಟರುಗಳು, ಅಂಥವೇ ಬ್ಯಾನರುಗಳು. ಒಂದು ಪರಿಹಾರ ಕೇಂದ್ರದ ಹತ್ತಿರ ಇಳಿಸೋಕೆ ಹೋದರೆ ಅಲ್ಲಿದ್ದ ಸಿಬ್ಬಂದಿ ಕೈ ಮುಗಿದರು. “ಸಾರ್, ನೀರಿನ ಬಾಟಲಿ ಇಡೋಕೆ ಜಾಗ ಇಲ್ಲ. ಬ್ರೆಡ್ಡು ಬೂಷ್ಟು ಹಿಡೀತಾ ಇದೆ. ಬೇರೆ ಕಡೆ ನೋಡಿ.” ಹೊರಗಡೆ ಜಗುಲಿ ಮೇಲೆ ಹಳೇ ಬಟ್ಟೆಯ ಮೂಟೆಗಳು ಮಳೆಯಲ್ಲಿ ನೆನೆದು ನಾರುತ್ತಾ ಬಿದ್ದಿದ್ದವು. ಅದರೊಳಗೆ ಯಾರೋ ಪುಣ್ಯಾತ್ಮರು ಹಾಕಿದ್ದ ಒಂದು ಕೋಟು, ಟೈ ಸಮೇತ.

ಇನ್ನೊಂದು ಕೇಂದ್ರದಲ್ಲಿ ಇಳಿಸಿದೆವು. ಅಲ್ಲಿ ಒಬ್ಬ ವಯಸ್ಸಾದ ತಾಯಿ ನಮ್ಮ ತಂಡದ ಹುಡುಗಿಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಅವಳು ನನಗೆ ಹೇಳಿದಳು: “ಸೀರೆ ಬೇಕಾದಷ್ಟು ಬಂದಿದೆಯಂತೆ ಕಣೋ. ಒಳಲಂಗ ಇಲ್ವಂತೆ. ಉಟ್ಟ ಬಟ್ಟೆಯಲ್ಲಿ ಬಂದವರು, ಒದ್ದೆ ಆದರೆ ಬದಲಾಯಿಸೋಕೆ ಇಲ್ಲ. ಸೀರೆ ಸುತ್ತಿಕೊಂಡು ಏನ್ ಮಾಡಲಿ ಮಗಳೇ ಅಂತ ಕೇಳಿದರು.” ನನ್ನ ಶೀಟಿನಲ್ಲಿ ಸೀರೆ ಅಂತ ಒಂದು ಸಾಲಿತ್ತು, ಗುಲಾಬಿ ಬಣ್ಣ. ಒಳಲಂಗ ಅನ್ನೋ ಪದವೇ ಇರಲಿಲ್ಲ. ಪಟ್ಟಿ ಮಾಡಿದವನು ನಾನು, ಹೊಳೆಯಲೇ ಇಲ್ಲ.

ವಾರ ಕಳೆದ ಮೇಲೆ ವಿಜಯನಗರದವರು ಮತ್ತೆ ಫೋನ್ ಮಾಡಿದರು. ಜಗಳಕ್ಕಲ್ಲ, ಹೇಗಾಯ್ತು ಅಂತ ಕೇಳೋಕೆ. ಮಾತಿನ ಮಧ್ಯೆ ಹೇಳಿದರು, ಅವರ ತಂಡದ ಹೆಂಗಸರು ಯೋಚನೆ ಮಾಡಿ ಒಳಲಂಗ, ನೈಟಿ, ಒಳಉಡುಪು ಅಂತ ಹೊಸದೇ ಕೊಂಡು ಮೂಟೆ ಕಟ್ಟಿದ್ದರಂತೆ. ಅದು ಹೋಗಿ ಇಳಿದದ್ದು ಮೊದಲೇ ತುಂಬಿ ತುಳುಕುತ್ತಿದ್ದ ಕೇಂದ್ರದಲ್ಲಿ, ಅಂದರೆ ನಮ್ಮನ್ನು ವಾಪಸ್ ಕಳಿಸಿದ್ದ ಅದೇ ಜಾಗದಲ್ಲಿ, ಮೂಟೆಗಳ ಅಡಿಯಲ್ಲಿ. ಅವರ ಲಾರಿ ಬೆಳಿಗ್ಗೆ ನಮ್ಮ ಹಿಂದೆಯೇ ಪೆಟ್ರೋಲ್ ಬಂಕಿನಲ್ಲಿ ನಿಂತಿತ್ತು. ನಾವು ಅಲ್ಲೇ ಟೀ ಕುಡಿದಿದ್ದೆವು.

ಅವತ್ತಿನಿಂದ ಈ ವಿಷಯ ಎಲ್ಲಿ ಕಂಡರೂ ಓದ್ತೀನಿ. ಓದಿದಷ್ಟೂ ಗೊತ್ತಾದದ್ದು, ಇದು ನಮ್ಮ ಎಂಟು ಜನರ ದಡ್ಡತನ ಮಾತ್ರ ಅಲ್ಲ. 1988ರಲ್ಲಿ ಆರ್ಮೇನಿಯಾದಲ್ಲಿ ಭೂಕಂಪ ಆದಾಗ ಪ್ರಪಂಚದ ಮೂಲೆ ಮೂಲೆಯಿಂದ ಕನಿಷ್ಠ 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿತ್ತು. ಏನೇನು ಬಂದಿದೆ ಅಂತ ತಿಳಿಯೋದಕ್ಕೇ 50 ಜನ ಆರು ತಿಂಗಳು ಕೂತರು. ತಕ್ಷಣ ಬಳಸೋಕೆ ಆಗುವಂತೆ ಇದ್ದದ್ದು ಶೇ. 30ರಷ್ಟು ಮಾತ್ರ. ಕೊನೆಗೆ ಬಂದ ಔಷಧಿಯಲ್ಲಿ ಐದರಲ್ಲೊಂದು ಪಾಲನ್ನು ನಾಶ ಮಾಡಬೇಕಾಯಿತು. ಕೊಟ್ಟವರದ್ದೆಲ್ಲ ಒಳ್ಳೆಯ ಮನಸ್ಸೇ. ಟೈ ಸಮೇತ ಕೋಟು ಕೊಟ್ಟವರದ್ದೂ ಒಳ್ಳೆಯ ಮನಸ್ಸೇ ಇದ್ದಿರಬೇಕು.

ಪ್ರತಿ ದಿನ ಆ್ಯಪಿನಲ್ಲಿ ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ತರಿಸೋ ನಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಆ ಆ್ಯಪಿನ ಹಿಂದೆ ಒಬ್ಬ ಮಾಲೀಕ ಇದ್ದಾನೆ, ಒಂದು ಗೋಡೌನ್ ಇದೆ, ಆರ್ಡರ್ ಮಾಡಿದವರು ಏನು ಬೇಕು ಅಂತ ಟೈಪ್ ಮಾಡಿದ್ದಾರೆ. ಪ್ರವಾಹ, ಭೂಕಂಪ ಅಂದಾಗ ನೂರು ಮಾಲೀಕರು, ನೂರು ಗೋಡೌನು, ಆರ್ಡರ್ ಮಾಡಬೇಕಾದವರ ಫೋನು ಮಣ್ಣಿನ ಅಡಿ. ನೂರು ಜನರ ಮೇಲೆ ಹುಕುಂ ಮಾಡೋ ಅಧಿಕಾರ ಯಾರಿಗೂ ಇಲ್ಲ. ನಮ್ಮಲ್ಲಾದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಸರಿ. ಆದರೆ ನಮ್ಮ ಕ್ಯಾಂಟರ್ ಹೊರಡುವ ಮುಂಚೆ ಅಲ್ಲಿಗೆ ಒಂದು ಫೋನ್ ಮಾಡಿ ಕೇಳಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. 1077 ಅನ್ನೋ ಜಿಲ್ಲಾ ಸಹಾಯವಾಣಿ ಇದೆ ಅನ್ನೋದೂ ಗೊತ್ತಿರಲಿಲ್ಲ.

ಹಾಗಾದರೆ ಎಲ್ಲೂ ಸರಿಯಾಗಿ ನಡೆದಿಲ್ಲವಾ ಅಂದರೆ, ನಡೆದಿದೆ. ನನಗೆ ತುಂಬಾ ಹಿಡಿಸಿದ್ದು ನೇಪಾಳದ ಕಥೆ.

ಕಠ್ಮಂಡುವಿನಲ್ಲಿ ದೊಡ್ಡ ಭೂಕಂಪ ಒಂದಲ್ಲ ಒಂದು ದಿನ ಆಗೇ ಆಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಆದಾಗ ಹೊರಗಿನಿಂದ ಸಾಮಾನು ಬರಬೇಕಾದ್ದು ತ್ರಿಭುವನ್ ವಿಮಾನ ನಿಲ್ದಾಣಕ್ಕೆ, ಅಲ್ಲಿರೋದು ಒಂದೇ ರನ್‌ವೇ. ಹಾಗಾಗಿ ವಿಶ್ವ ಆಹಾರ ಕಾರ್ಯಕ್ರಮ ಮತ್ತು ನೇಪಾಳ ಸರ್ಕಾರ ಸೇರಿ, ಬ್ರಿಟನ್ ಕೊಟ್ಟ ಹಣದಲ್ಲಿ, ವಿಮಾನ ನಿಲ್ದಾಣದಲ್ಲೇ ಒಂದು ಜಾಗ ಸಿದ್ಧ ಮಾಡಿದವು. ಬಂದ ಸಾಮಾನು ಇಳಿಸೋದು, ವಿಂಗಡಿಸೋದು, ಮುಂದಕ್ಕೆ ಕಳಿಸೋದು, ಯಾವ ಸಂಸ್ಥೆಯ ಸಾಮಾನಾದರೂ ಸರಿ, ಇದೇ ಅಂಗಳದಲ್ಲಿ. ಅದು ಉದ್ಘಾಟನೆ ಆದದ್ದು 2015ರ ಮಾರ್ಚ್ ಕೊನೆಯಲ್ಲಿ. ಭೂಕಂಪ ಆದದ್ದು ಏಪ್ರಿಲ್ 25ಕ್ಕೆ. ಒಂದೇ ತಿಂಗಳು! ಸುಮಾರು ಒಂಬತ್ತು ಸಾವಿರ ಜನ ಸತ್ತ ಆ ಅನಾಹುತದಲ್ಲಿ, ಜಾಗ ಹುಡುಕಿ ಟೆಂಟು ಹೊಡೆದು ಶುರು ಮಾಡೋಕೆ ಹೋಗಬೇಕಿದ್ದ ವಾರಗಳು ಉಳಿದವು.

ಆದರೂ ಗೋಜಲು ಆಗಲಿಲ್ಲ ಅಂತಲ್ಲ. ವಿಮಾನಗಳು ಮೇಲಿನಿಂದ ಮೇಲೆ ಬಂದವು, ರನ್‌ವೇ ಬಿರುಕು ಬಿಟ್ಟಿತು, ಮೇ ಮೊದಲ ವಾರದಲ್ಲಿ ದೊಡ್ಡ ವಿಮಾನ ಇಳಿಯೋದನ್ನೇ ನಿಲ್ಲಿಸಬೇಕಾಯಿತು. ಗೋರ್ಖಾ ಕಡೆಯ ಹಳ್ಳಿಗಳಿಗೆ ರಸ್ತೆಯೇ ಇರಲಿಲ್ಲ. ಅಲ್ಲಿಗೆ ಯಾವ ಸಾಫ್ಟ್‌ವೇರೂ ಅಕ್ಕಿ ಮುಟ್ಟಿಸಲಿಲ್ಲ. ಪರ್ವತಾರೋಹಣದವರನ್ನು, ಸಾವಿರಾರು ಹಮಾಲರನ್ನು, ಹೇಸರಗತ್ತೆಗಳನ್ನು ಕೂಲಿಗೆ ಹಿಡಿದು ಕಾಲುದಾರಿ ರಿಪೇರಿ ಮಾಡಿಸಿ ಬೆನ್ನ ಮೇಲೆ ಹೊರಿಸಿ ಕಳಿಸಿದರು. ಪ್ರವಾಸಿಗರು ಬಾರದೆ ಕೂಲಿ ಕಳೆದುಕೊಂಡಿದ್ದವರಿಗೆ ಅದೇ ಸಂಬಳವೂ ಆಯಿತು. ಲಾಜಿಸ್ಟಿಕ್ಸ್ ಅಂದರೆ ನಮ್ಮ ಕಣ್ಣ ಮುಂದೆ ಡ್ರೋನು, ಡ್ಯಾಶ್‌ಬೋರ್ಡು ಬರುತ್ತೆ. ಅಲ್ಲಿ ಬಂದದ್ದು ಹೇಸರಗತ್ತೆ.

ಇಂಥ ಅಂಗಳ ನಡೆಸೋ ವ್ಯವಸ್ಥೆಗೆ ವಿಶ್ವಸಂಸ್ಥೆಯ ಭಾಷೆಯಲ್ಲಿ ಲಾಜಿಸ್ಟಿಕ್ಸ್ ಕ್ಲಸ್ಟರ್ ಅಂತ ಹೆಸರು. 2005ರಿಂದ ಇದೆ, ವಿಶ್ವ ಆಹಾರ ಕಾರ್ಯಕ್ರಮ ಇದರ ಮುಂದಾಳು. ಸುನಾಮಿ ಸಮಯದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕೆಲಸ ಮಾಡಿ ಬುದ್ಧಿ ಕಲಿತ ವರ್ಷ ಅದು. ಇನ್ನೊಂದು ವ್ಯವಸ್ಥೆ ನನಗೆ ಇನ್ನೂ ಇಷ್ಟ. ಇಟಲಿಯ ಬ್ರಿಂಡಿಸಿ, ದುಬೈ, ಘಾನಾದ ಅಕ್ರಾ, ಪನಾಮಾ ಇಂಥ ಕಡೆ ವಿಶ್ವಸಂಸ್ಥೆಯ ಸಾಮಾನ್ಯ ಉಗ್ರಾಣಗಳಿವೆ. ಹತ್ತಾರು ಸಂಸ್ಥೆಗಳು ತಮ್ಮ ಟೆಂಟು, ಕಂಬಳಿ, ನೀರಿನ ಟ್ಯಾಂಕು ಒಂದೇ ಸೂರಿನಡಿ ಇಟ್ಟಿರುತ್ತವೆ. ನನ್ನದು ಖಾಲಿಯಾದರೆ ನಿನ್ನದು ಸಾಲ ತೆಗೆದುಕೊಳ್ತೀನಿ, ಆಮೇಲೆ ತುಂಬಿಸಿಕೊಡ್ತೀನಿ. ಪಕ್ಕದ ಮನೆಗೆ ಲೋಟ ಹಿಡಿದು ಸಕ್ಕರೆ ಕೇಳೋಕೆ ಹೋದ ಹಾಗೆ. ಮಜಾ ಏನು ಗೊತ್ತಾ, ಕೆಲವು ಸಾಮಾನಿನ ಮೇಲೆ ಲೋಗೋನೇ ಇರಲ್ಲ. ಯಾರು ಒಯ್ಯುತ್ತಾರೋ ಅವರು ಹೊರಡುವಾಗ ತಮ್ಮ ಸ್ಟಿಕ್ಕರ್ ಅಂಟಿಸಿಕೊಂಡರಾಯಿತು. ನಮ್ಮ ಬ್ಯಾನರ್ ರೋಗ ಅಲ್ಲೂ ಇದೆ ಅಂತ ಆಯ್ತು. ಆದರೆ ಅವರು ಅದನ್ನು ಕೊನೇ ಘಳಿಗೆಗೆ ತಳ್ಳಿದ್ದಾರೆ.

ಈಗ ಮುಂದೇನು ಅನ್ನೋ ಮಾತಿಗೆ ಬರ್ತೀನಿ. ಇದಕ್ಕೆ ನಮ್ಮ ಗದಗದ ಮೂಲಕ ಹೋಗಬೇಕು.

ಗದಗ ಹತ್ತಿರ ಕಣಗಿನಹಾಳ ಅಂತ ಊರು. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ್ದು ಭಾರತದ ಮೊದಲ ಕೃಷಿ ಸಹಕಾರಿ ಸಂಘ. ಒಬ್ಬೊಬ್ಬ ರೈತ ಒಂಟಿಯಾಗಿ ಹೋದರೆ ಸಾಹುಕಾರ ಹೇಳಿದ್ದೇ ಬಡ್ಡಿ. ಹತ್ತು ಜನ ಸೇರಿ ಷೇರು ಹಾಕಿದರೆ ಮಾತಿಗೆ ತೂಕ. ‘ಸಹಕಾರ’ ಅನ್ನೋ ಪದ ನಮ್ಮ ಬಾಯಲ್ಲಿ ತುಂಬಾ ಸವೆದುಹೋಗಿದೆ, ‘ರಸ್ತೆ ಕಾಮಗಾರಿ ನಡೆಯುತ್ತಿದೆ, ಸಹಕರಿಸಿ’ ಅಂತ ಬೋರ್ಡಿನಲ್ಲಿ ಬರೆಯೋ ಮಟ್ಟಕ್ಕೆ. ಕಣಗಿನಹಾಳದಲ್ಲಿ ಅದಕ್ಕೆ ಗಟ್ಟಿ ಅರ್ಥ ಇತ್ತು. ಷೇರು, ಲೆಕ್ಕದ ಪುಸ್ತಕ, ಒಬ್ಬರಿಗೆ ಒಂದು ವೋಟು.

2021ರಲ್ಲಿ ಫ್ರಾನ್ಸಿನಲ್ಲಿ ಪರಿಹಾರ ಕೆಲಸದ ಕೆಲವು ಸಂಸ್ಥೆಗಳು ಹೆಚ್ಚುಕಡಿಮೆ ಇದನ್ನೇ ಮಾಡಿದವು. ಅದರ ಹೆಸರು ಹುಲೋ. ಸಾಮಾನು ಸಾಗಾಟಕ್ಕಾಗಿಯೇ ಒಂದು ಸಹಕಾರಿ ಸಂಘ. ಅದಕ್ಕೆ ಮುಂಚೆ ಅವರದ್ದು ಒಂದು ಸಡಿಲವಾದ ಬಳಗ ಇತ್ತು. 2020ರಲ್ಲಿ ಕೋವಿಡ್‌ನಿಂದ ವಿಮಾನ ನಿಂತಾಗ ಯೂರೋಪಿಯನ್ ಒಕ್ಕೂಟ ಪರಿಹಾರಕ್ಕಾಗಿ ವಿಶೇಷ ವಿಮಾನ ಬಿಟ್ಟಿತು, ಮೊದಲನೆಯದು ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ. ಯಾರ ಡಬ್ಬ ಎಷ್ಟು, ಯಾರದ್ದು ಮೊದಲು ಹೋಗಬೇಕು ಅನ್ನೋ ಲೆಕ್ಕವನ್ನು ಎಲ್ಲ ಸಂಸ್ಥೆಗಳ ಪರವಾಗಿ ಒಟ್ಟು ಮಾಡಿಕೊಟ್ಟಿದ್ದು ಈ ಬಳಗ. ಅಲ್ಲಿಂದ ಧೈರ್ಯ ಬಂದು ಸಂಘವೇ ಆಯಿತು. ಈಗ ಒಂದೊಂದು ದೇಶದಲ್ಲಿ ಸಂಸ್ಥೆಗಳು ಕೂತು ಒಟ್ಟಿಗೆ ಖರೀದಿ ಮಾಡ್ತವೆ. ಐದು ಸಂಸ್ಥೆ ಅದೇ ಊರಿನ ಅದೇ ಅಂಗಡಿಯಿಂದ ಅದೇ ಪೇಪರು, ಅದೇ ಸಾಬೂನು ಕೊಳ್ಳುವಾಗ ಐದು ಟೆಂಡರು ಯಾಕೆ? ಒಂದು ಟೆಂಡರು, ಒಂದು ದರ.

ಓದೋಕೆ ಸುಲಭ. ಮಾಡೋಕೆ ಎಷ್ಟು ಕಷ್ಟ ಅನ್ನೋದು ಅಪಾರ್ಟ್‌ಮೆಂಟಿನಲ್ಲಿ ಒಟ್ಟಿಗೆ ಟ್ಯಾಂಕರ್ ತರಿಸಿದವರಿಗೆ ಗೊತ್ತು. ಹಣ ಕೊಡೋ ಪ್ರತಿಯೊಬ್ಬ ದಾನಿಗೂ ಬೇರೆ ನಿಯಮ, ಬೇರೆ ಆಡಿಟ್. ಸೇರಿ ಕೊಂಡದ್ದರಲ್ಲಿ ಏನಾದರೂ ಕೆಟ್ಟರೆ ಯಾರು ಹೊಣೆ? ಸಣ್ಣ ಸಂಸ್ಥೆಗೆ ದೊಡ್ಡದು ತನ್ನನ್ನು ನುಂಗಿಬಿಡುತ್ತೇನೋ ಅನ್ನೋ ಭಯ. ದೊಡ್ಡದಕ್ಕೆ, ನನ್ನ ಉಗ್ರಾಣದಲ್ಲಿ ಇವರೇಕೆ ಅನ್ನೋ ಸಿಡುಕು. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರ ಕೈಯೂ ಚಾಚಿರೋದು ಅದೇ ದಾನಿಗಳ ಮುಂದೆ. ಬೆಳಿಗ್ಗೆ ಹಣಕ್ಕೆ ಪೈಪೋಟಿ ಮಾಡಿ ಮಧ್ಯಾಹ್ನ ಲಾರಿ ಹಂಚಿಕೊಳ್ಳಿ ಅಂದರೆ ಯಾರಿಗೆ ತಾನೇ ಮನಸ್ಸು ಬರುತ್ತೆ?

ನನ್ನ ವೃತ್ತಿಯವರ ತಪ್ಪೂ ಇದರಲ್ಲಿದೆ. ವಿಪತ್ತು ಬಂತು ಅಂದರೆ ಸಾಕು, ನಮಗೆ ಕೈ ತುರಿಸುತ್ತೆ, ವಾರಾಂತ್ಯದಲ್ಲಿ ಒಂದು ಆ್ಯಪ್. ಒಳ್ಳೆಯ ಉದಾಹರಣೆ ಇಲ್ಲವೆಂದಲ್ಲ. 2004ರ ಸುನಾಮಿ ಆದಮೇಲೆ ಶ್ರೀಲಂಕಾದ ಸಾಫ್ಟ್‌ವೇರಿನವರು ಸ್ವಯಂಸೇವಕರಾಗಿ ಕೂತು ಬರೆದ ತಂತ್ರಾಂಶ ‘ಸಹನ’. ಕಾಣೆಯಾದವರು, ಶಿಬಿರಗಳು, ಯಾವ ಸಂಸ್ಥೆ ಎಲ್ಲಿದೆ, ಯಾರಿಗೆ ಏನು ಬೇಕು, ಎಲ್ಲಕ್ಕೂ ಅದರಲ್ಲಿ ಜಾಗ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಪಾಕಿಸ್ತಾನದ ಭೂಕಂಪದಲ್ಲೂ ಹೈಟಿಯಲ್ಲೂ ಬಳಸಿದರು. ಸಿಂಹಳದಲ್ಲಿ ಆ ಪದಕ್ಕೆ ಪರಿಹಾರ, ನೆಮ್ಮದಿ ಅಂತ ಅರ್ಥ. ಕನ್ನಡದವರಿಗೆ ತಾಳ್ಮೆ ಅಂತ ಕೇಳಿಸುತ್ತೆ. ಎರಡೂ ಸರಿಯೇ. ಆದರೆ ಅದರ ಆಮೇಲೂ ಪ್ರತಿ ಪ್ರವಾಹಕ್ಕೂ ಹೊಸದಾಗಿ ಮೊದಲಿನಿಂದ ಬರೆಯೋ ಚಟ ನಮಗೆ ಹೋಗಿಲ್ಲ. ಒಂದು ಆ್ಯಪಿನ ಪಟ್ಟಿ ಇನ್ನೊಂದಕ್ಕೆ ಅರ್ಥ ಆಗಲ್ಲ. ನಾನು ‘ಹೊದಿಕೆ’ ಅಂತ ಬರೆದಿದ್ದೀನಿ, ಅವರು ‘ಬ್ಲಾಂಕೆಟ್’ ಅಂತ, ಇನ್ನೊಬ್ಬರು ‘ಕಂಬಳಿ’ ಅಂತ.

ಇದಕ್ಕೆ ಸಿಕ್ಕಿರೋ ಉತ್ತರ ನೋಡಿದರೆ ನಗು ಬರುತ್ತೆ, ಅಷ್ಟು ಸರಳ. ಎಚ್‌ಎಕ್ಸ್‌ಎಲ್ ಅಂತ ಒಂದು ರೂಢಿ ಇದೆ. ನಿಮ್ಮ ಶೀಟು ಹೇಗೇ ಇರಲಿ, ಯಾವ ಭಾಷೆಯಲ್ಲೇ ಇರಲಿ, ತಲೆಬರಹದ ಕೆಳಗೆ ಒಂದು ಸಾಲು ಹ್ಯಾಶ್‌ಟ್ಯಾಗ್ ಸೇರಿಸಿ. ಇದು ಸಂಸ್ಥೆ, ಇದು ಜಿಲ್ಲೆ, ಇದು ಯಾವ ಬಗೆಯ ನೆರವು. ಅಷ್ಟೇ. ಎಲ್ಲರ ಶೀಟನ್ನೂ ಕಂಪ್ಯೂಟರ್ ಜೋಡಿಸಿಕೊಳ್ಳುತ್ತೆ. ನಾವು ಊಟದ ಫೋಟೋಗೆ ಹಾಕೋ ಹ್ಯಾಶ್‌ಟ್ಯಾಗೇ! ಆದರೆ ಆ ಸಾಲು ಸೇರಿಸಬೇಕಾದರೂ ಮೊದಲು ಶೀಟನ್ನು ಇನ್ನೊಬ್ಬರಿಗೆ ಕಳಿಸೋ ಮನಸ್ಸು ಬೇಕು. ನನ್ನ ಕಥೆ ಮುಗ್ಗರಿಸಿದ್ದೇ ಅಲ್ಲಿ.

ಮುಂದೆ ಮನಸ್ಸಿಲ್ಲದಿದ್ದರೂ ಸೇರಲೇಬೇಕಾಗುತ್ತೆ ಅಂತ ನನ್ನ ಅಂದಾಜು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ ಹೊತ್ತಿಗೆ ಯುಎಸ್ಏಡ್ ಅನ್ನೋ ಸಂಸ್ಥೆಯ ಬಾಗಿಲೇ ಹಾಕಿತು. ಅಲ್ಲಿಯವರೆಗೆ ಜಗತ್ತಿನ ಅತಿ ದೊಡ್ಡ ದಾನಿಯಾಗಿತ್ತು ಅದು. ಬೇರೆ ಕೆಲವು ಶ್ರೀಮಂತ ದೇಶಗಳೂ ಕೈ ಬಿಗಿ ಹಿಡಿದವು. ಹಣ ಇದ್ದಾಗ ಐದು ಸಂಸ್ಥೆಗೆ ಐದು ಗೋಡೌನು ನಡೆಯಿತು. ಇನ್ನು ಒಂದಕ್ಕೇ ಬಾಡಿಗೆ ಕಟ್ಟೋದು ಕಷ್ಟ. ಬಡತನದಲ್ಲಿ ಹುಟ್ಟೋ ಒಗ್ಗಟ್ಟು ಒಳ್ಳೇದೋ ಕೆಟ್ಟದ್ದೋ, ನನಗೆ ಪೂರ್ತಿ ಖುಷಿ ಇಲ್ಲ. ಹಂಚಿಕೊಳ್ಳಿ ಅನ್ನೋ ನೆಪದಲ್ಲಿ ಕಂಬಳಿಗಳ ಲೆಕ್ಕವೇ ಕಮ್ಮಿ ಮಾಡಿಬಿಡ್ತಾರೆ ಅನ್ನೋ ಅನುಮಾನವೂ ಇದೆ.

ಇನ್ನೊಂದು ಹಳೇ ಬಾಕಿ ಇದೆ. 2016ರಲ್ಲಿ ಇಸ್ತಾಂಬುಲ್‌ನ ಸಮ್ಮೇಳನದಲ್ಲಿ ದೊಡ್ಡವರೆಲ್ಲ ಸೇರಿ ಒಪ್ಪಿದ್ದರು, 2020ರೊಳಗೆ ನೆರವಿನ ಹಣದ ಕನಿಷ್ಠ ಶೇ. 25 ಸಾಧ್ಯವಾದಷ್ಟು ನೇರವಾಗಿ ಸ್ಥಳೀಯರ ಕೈಗೆ ಹೋಗಬೇಕು ಅಂತ. ಗುರಿ ಮುಟ್ಟಲಿಲ್ಲ. ಸ್ಥಳೀಯರು ಅಂದರೆ ಯಾರು? ಆ ಪರಿಹಾರ ಕೇಂದ್ರದಲ್ಲಿ ಕೈ ಮುಗಿದು ನಿಂತ ಸಿಬ್ಬಂದಿ. ಕಿವಿಯಲ್ಲಿ ಹೇಳಿದ ಆ ತಾಯಿ. ಅಂಗಡಿ ತೆರೆದಿದ್ದರೆ ಅವರ ಕೈಗೆ ಒಂದಿಷ್ಟು ದುಡ್ಡು ಕೊಟ್ಟಿದ್ದರೂ ಸಾಕಿತ್ತು, ಕುಶಾಲನಗರದ ಬಟ್ಟೆ ಅಂಗಡಿಯವನಿಗೆ ಒಳಲಂಗದ ಅಳತೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಬೆಂಗಳೂರಿನಿಂದ ಲಾರಿ ಹೋಗಬೇಕಾದ್ದು ಅಲ್ಲಿ ಸಿಗದ ಸಾಮಾನಿಗೆ ಮಾತ್ರ.

ಈ ಮಳೆಗಾಲ ಶುರುವಾದಾಗ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರೋ ಮೆಸೇಜ್ ಹಾಕಿದರು: ‘ಎಲ್ಲಾದರೂ ಪ್ರವಾಹ ಬಂದರೆ ಇರಲಿ ಅಂತ ಹಳೇ ಬಟ್ಟೆ ಎತ್ತಿಡೋಣವೇ?’ ನಾನು ಉತ್ತರ ಟೈಪ್ ಮಾಡಿ ಅಳಿಸಿದೆ. ಆಮೇಲೆ ಫೋನಿನಲ್ಲಿ ‘ಕೊಡಗು ಲಾರಿ 2’ ಅಂತ ಸೇವ್ ಆಗಿದ್ದ ನಂಬರ್ ಹುಡುಕಿದೆ. ಇಷ್ಟು ವರ್ಷ ಆಗಿದೆ, ಎತ್ತಲ್ಲ ಅಂದುಕೊಂಡೆ. ಎತ್ತಿದರು. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಪೆಟ್ರೋಲ್ ಬಂಕು, ಲಿಸ್ಟು ಅಂದೆ. “ಓ! ಏನ್ ಬ್ರದರ್, ಈಗ ಕಳಿಸ್ತಾ ಇದ್ದೀರಾ ಲಿಸ್ಟು?” ಅಂತ ಜೋರಾಗಿ ನಕ್ಕರು.

ಈಗ ನಾಲ್ಕು ತಂಡ ಸೇರಿ ಒಂದೇ ಶೀಟ್ ಇಟ್ಟುಕೊಂಡಿದ್ದೇವೆ. ಮೊದಲ ಕಾಲಂ ‘ಎಲ್ಲಿ, ಯಾರಿಗೆ’. ಎರಡನೆಯದು ‘ಏನು ಬೇಕು ಅಂತ ಯಾರು ಹೇಳಿದರು, ಫೋನ್ ನಂಬರ್’. ಕೊಟ್ಟವರ ಹೆಸರು ಕೊನೆಗೆ ಹೋಗಿದೆ. ಬ್ಯಾನರ್ ವಿಷಯ ಇನ್ನೂ ಬಗೆಹರಿದಿಲ್ಲ, ನಾಲ್ಕೂ ಹೆಸರು ಹಾಕಿದರೆ ಅಕ್ಷರ ಚಿಕ್ಕದಾಗುತ್ತೆ ಅಂತ ಒಬ್ಬರಿಗೆ ಬೇಜಾರು. ಮೈಸೂರಿನಲ್ಲಿ ಒಂದು ಸಣ್ಣ ಗೋಡೌನ್ ನೋಡಿದ್ದೇವೆ. ಬಾಡಿಗೆ ಯಾರು ಎಷ್ಟು ಕೊಡೋದು ಅಂತ ಬರೋ ಭಾನುವಾರ ಮೀಟಿಂಗ್. ಕಳೆದ ಎರಡು ಭಾನುವಾರವೂ ಅದಕ್ಕೇ ಮೀಟಿಂಗ್ ಇತ್ತು.